ಪಕ್ಕಕ್ಕೆ ತಿರುಗದ ಗಾಡಿ

ನಮ್ಮಪ್ಪ ಕೂತು ಊಟ ಮಾಡಿದ್ದನ್ನು ನಾನು ನೋಡಿದ್ದೇ ಕಡಿಮೆ. ತಟ್ಟೆ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಲೇ ತುತ್ತು ನುಂಗುತ್ತಿದ್ದರು. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದ್ದಾನೆ. ಸೂಲಗಿತ್ತಿ ಕೈಯಿಂದಾನೂ ಜಾರಿ ಹೊರಟಿದ್ದ" ಎಂದು ಅಜ್ಜಿ, ಅಂದರೆ ಅವರ ತಾಯಿ, ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅಪ್ಪ ಲಿಫ್ಟ್ ಮೆಕ್ಯಾನಿಕ್. ಬೇರೆಯವರ ಕಟ್ಟಡಗಳ ನೆತ್ತಿಯ ಮೇಲಿನ ಇಕ್ಕಟ್ಟು ಕೋಣೆಗಳಲ್ಲಿ, ಗ್ರೀಸು ಮೆತ್ತಿದ ಉಕ್ಕಿನ ಹಗ್ಗಗಳ ನಡುವೆ ಅವರ ಕೆಲಸ. ಯಾರಾದರೂ ಉದ್ಯೋಗ ಏನು ಎಂದು ಕೇಳಿದರೆ "ಲಿಫ್ಟು. ಸದ್ಯಕ್ಕೆ" ಎನ್ನುತ್ತಿದ್ದರು. ಆ ಸದ್ಯಕ್ಕೆ ಅನ್ನೋದು ಅವರ ತಲೆ ಪೂರಾ ಬೆಳ್ಳಗಾಗುವವರೆಗೂ ಮುಗಿಯಲಿಲ್ಲ.

ಅವರ ಜೀವವೆಲ್ಲ ಹಳಿಯ ಮೇಲೆ. ಹುಡುಗರಾಗಿದ್ದಾಗ ರೈಲ್ವೆ ಕೆಲಸಕ್ಕೆಂದು ಪರೀಕ್ಷೆಗೆ ಹೋಗಿದ್ದರಂತೆ. ಪರೀಕ್ಷೆಯ ಕೋಣೆ ಇದ್ದದ್ದು ನಿಲ್ದಾಣದ ಹಿಂಬದಿಯಲ್ಲಿ. ಅರ್ಧ ಬರೆಯುವಷ್ಟರಲ್ಲಿ ಕಿಟಕಿಯಾಚೆ ಹೊಸ ಬಗೆಯ ಎಂಜಿನ್ನೊಂದು ಮೆಲ್ಲಗೆ ಹಾದುಹೋಯಿತು. ಅಲ್ಲಿಯವರೆಗೆ ಅದನ್ನು ಅವರು ಚಿತ್ರದಲ್ಲಿ ಮಾತ್ರ ನೋಡಿದ್ದರು. ಪೆನ್ನು ಮುಚ್ಚಿ ಎದ್ದೇಬಿಟ್ಟರು. ಕಾವಲಿದ್ದವರು "ಎಲ್ಲಿಗಪ್ಪಾ?" ಎಂದರೆ "ಇಲ್ಲೇ, ಬಂದೆ" ಎಂದರಂತೆ. ವಾಪಸು ಬರುವ ಹೊತ್ತಿಗೆ ಬಾಗಿಲಿಗೆ ಬೀಗ. ಈ ಕಥೆಯನ್ನು ಅಜ್ಜಿ ಹಣೆ ಚಚ್ಚಿಕೊಂಡು ಹೇಳುತ್ತಿದ್ದಳು. ಅಪ್ಪ ಅದಕ್ಕೆ ಆ ಎಂಜಿನ್ನಿನ ಬಣ್ಣ, ಅದರ ಸದ್ದು ಇಷ್ಟನ್ನು ಮಾತ್ರ ಸೇರಿಸುತ್ತಿದ್ದರು.

ರೈಲಿನ ವಿಷಯದಲ್ಲಿ ಅವರಿಗೆ ಅಭಿಪ್ರಾಯಗಳ ಬರ ಇರಲಿಲ್ಲ. ಕೆಟ್ಟ ಲಿಫ್ಟಿನಿಂದ ಬಿಡಿಸಿಕೊಂಡು ಬೆವರೊರೆಸಿಕೊಳ್ಳುತ್ತಿರುವ ಮನುಷ್ಯನನ್ನೂ ಬಿಡದೆ ಹಿಡಿದು ಹೇಳುತ್ತಿದ್ದರು. ನೆಲದಡಿಯ ರೈಲು ಅವರ ಲೆಕ್ಕದಲ್ಲಿ ರೈಲೇ ಅಲ್ಲ, ಅಡ್ಡ ಮಲಗಿಸಿದ ಲಿಫ್ಟು. ಹಬೆ ಎಂಜಿನ್ನಿನ ಹೆಸರೆತ್ತಿದರೆ ಕಣ್ಣು ಒದ್ದೆ ಮಾಡಿಕೊಳ್ಳುವವರ ಮೇಲೆ ಸಿಟ್ಟು: "ಒಂದು ದಿನ ಅದರ ಬೂದಿ ಬಾಚಿದ್ದಾನಾ ಅವನು? ಕೇಳಿ ನೋಡು." ರೈಲು ಊರಿಗೆ ಬರುವ ನೆಂಟ, ಬಂದ ಹಾಗೇ ಹೊರಡುತ್ತದೆ, ಟ್ರಾಮು ಮನೆಯವನು, ಬೀದಿಯಲ್ಲೇ ಇರುತ್ತದೆ, ಬೈಸಿಕೊಳ್ಳುತ್ತದೆ ಎನ್ನುತ್ತಿದ್ದರು. ಟ್ರಾಮಿನ ಬಗ್ಗೆ ಅವರದೊಂದು ಮೆಚ್ಚಿನ ಮಾತಿತ್ತು. "ಬಸ್ಸು ಯಾವ ಕಡೆ ನುಗ್ಗುತ್ತೆ ಅಂತ ಅದರ ಡ್ರೈವರಿಗೂ ಗೊತ್ತಿರಲ್ಲ. ಟ್ರಾಮು ಹಾಗಲ್ಲ. ಅದು ಪಕ್ಕಕ್ಕೆ ತಿರುಗಲ್ಲ. ಎಲ್ಲಿಗೆ ಹೋಗ್ತೀನಿ ಅಂತ ರಸ್ತೆ ಮೇಲೇ ಬರೆದಿಟ್ಟು ಓಡೋ ಗಾಡಿ ಅದು. ಅಷ್ಟು ನಿಯತ್ತು ಮನುಷ್ಯರಿಗೂ ಇಲ್ಲ."

ಮನೆಯ ಅರ್ಧ ಜಾಗ ಮಾದರಿ ರೈಲುಗಳ ಪೆಟ್ಟಿಗೆಗಳಿಗೆ ಹೋಗಿತ್ತು. ಬಿಡಿಬಿಡಿ ತುಂಡುಗಳಾಗಿ ಬರುವ ಅವುಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ಜೋಡಿಸಬೇಕು. ಸಿದ್ಧ ಮಾದರಿ ಕೊಳ್ಳುವವರನ್ನು ಕಂಡರೆ ಅಪ್ಪನಿಗೆ ತಾತ್ಸಾರ: "ಬೇರೆಯವರ ಮದುವೆ ಫೋಟೋನ ಗೋಡೆಗೆ ಹಾಕ್ಕೊಂಡ ಹಾಗೆ ಅದು." ಹಿತ್ತಾಳೆಯ ತೆಳು ತಗಡಿನಿಂದ ಬೆಸುಗೆ ಹಾಕಿ ಮಾಡುವುದೇ ನಿಜವಾದ ಕೆಲಸ, ಪ್ಲಾಸ್ಟಿಕ್ಕು ಆಟದ ಸಾಮಾನು ಎಂಬ ಮತದವರು ಅವರು. ಆದರೆ ಯಾವುದನ್ನೂ ಮುಗಿಸುತ್ತಿರಲಿಲ್ಲ. ಚಕ್ರ, ಅಚ್ಚು, ಮೋಟಾರು ಕೂರಿಸಿ, ಮೇಜಿನ ಮೇಲೆ ಅದು ಒಂದು ಮಾರು ಓಡಿತೋ, ಅಪ್ಪನ ಆಸಕ್ತಿಯೂ ಅದರ ಜೊತೆಗೇ ಮೇಜಿನಿಂದ ಇಳಿದುಹೋಗುತ್ತಿತ್ತು. ಹಾಗಾಗಿ ನಮ್ಮ ಕಪಾಟಿನ ತುಂಬ ಸೂರಿಲ್ಲದ ಬೋಗಿಗಳು, ಕಿಟಕಿಯಿಲ್ಲದ ಎಂಜಿನ್ನುಗಳು. ಅಜ್ಜಿ ಅದನ್ನು "ಅನಾಥಾಶ್ರಮ" ಎಂದು ಕರೆಯುತ್ತಿದ್ದಳು.

ಇಂಥವರಿಗೆ ಸಿಕ್ಕ ಹೆಂಡತಿ ಟ್ರಾಮ್ ಡ್ರೈವರ್. ನಮ್ಮಮ್ಮ ಊರಿನ ಮೊದಮೊದಲ ಹೆಣ್ಣು ಡ್ರೈವರುಗಳಲ್ಲಿ ಒಬ್ಬಳು. ಹೊಸದಾಗಿ ಸೇರಿದಾಗ, ಮಾತಿಲ್ಲದ ಗಂಡಸೊಬ್ಬ ದಿನಾ ಉಪಕರಣದ ಚೀಲ ಹಿಡಿದು ಅವಳ ಬೆನ್ನ ಹಿಂದಿನ ಗಾಜಿಗೆ ಮೂಗೊತ್ತಿ ನಿಲ್ಲುತ್ತಿದ್ದ. ತನ್ನ ತಪ್ಪು ಹುಡುಕಲು ಕಚೇರಿಯವರು ಕಳಿಸಿದ ಇನ್ಸ್‌ಪೆಕ್ಟರೇ ಇರಬೇಕೆಂದು ಅವಳಿಗೆ ನಡುಕ. ಕೊನೆಗೊಂದು ದಿನ ಆತ, ಅಂದರೆ ನಮ್ಮಪ್ಪ, ಬಾಯಿಬಿಟ್ಟು, "ಬ್ರೇಕ್ ಹಿಡಿಯೋ ಮುಂಚೆ ನೀವು ತಲೆ ಎಡಕ್ಕೆ ವಾಲಿಸ್ತೀರಲ್ಲ, ಅದು ಗಾಡಿ ಸದ್ದು ಕೇಳೋಕಾ?" ಎಂದು ಕೇಳಿದರು.

"ಅಲ್ಲ. ಕತ್ತು ನೋವು" ಎಂದಳು ಅಮ್ಮ.

ಮದುವೆಯಾಯಿತು. ಅಪ್ಪನಿಗೆ ಟ್ರಾಮು ಹುಚ್ಚು, ಅಮ್ಮನಿಗೆ ಅದು ಸಂಬಳದ ಕೆಲಸ. ಮನೆಗೆ ಬಂದು ಬೂಟು ಕಳಚಿ, ಊದಿದ ಪಾದವನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟು ಕೂತರೆ, ಅಪ್ಪ ಸುತ್ತ ಸುಳಿದಾಡುತ್ತ ಕೇಳುವರು: "ಇವತ್ತು ಯಾವ ಗಾಡಿ ಕೊಟ್ಟಿದ್ರು? ಹಳೇದಾ? ಏರಲ್ಲಿ ಹೇಗೆ ಎಳೀತು?" ಅಮ್ಮ ಕಣ್ಣು ಮುಚ್ಚಿ ಹೇಳುವಳು: "ರೀ, ನೀವು ಲಿಫ್ಟ್ ಬಗ್ಗೆ ಏನಾದ್ರೂ ಹೇಳಿ. ಕೇಳ್ತೀನಿ."

ನಾನು ಓದು ಮುಗಿಸಿ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ವರ್ಷ, ಟ್ರಾಮು ನಿಲ್ಲಿಸುತ್ತಾರೆ ಎಂಬ ಸುದ್ದಿ ಹುಟ್ಟಿತು. ಊರಿನಲ್ಲಿ ಉಳಿದಿದ್ದೇ ಒಂದು ಮಾರ್ಗ. ಗುಡ್ಡದ ಮೇಲಿನ ಆಸ್ಪತ್ರೆಯಿಂದ ಇಳಿದು, ಮಾರುಕಟ್ಟೆಯ ಕಿರುದಾರಿಯಲ್ಲಿ ನುಸುಳಿ, ನದಿಯ ದಂಡೆಯ ಡಿಪೋ ಮುಟ್ಟುವುದು. ಅಲ್ಲಿ ಬಸ್ಸು ಓಡಿಸಿದರೆ ಸಾಕು ಎಂದು ನಗರಸಭೆ ಯೋಚಿಸುತ್ತಿತ್ತು. ತೀರ್ಮಾನಕ್ಕೆ ಮುಂಚೆ ಸಾರ್ವಜನಿಕರ ಸಭೆ ಕರೆಯುತ್ತಾರಂತೆ.

ಅಲ್ಲಿಂದ ಅಪ್ಪ ನಿಂತಲ್ಲಿ ನಿಲ್ಲಲಿಲ್ಲ. ಮೊದಲೇ ಒಂದು ಕಡೆ ಇರದ ಮನುಷ್ಯ. ಈಗ ಮನೆಯೊಳಗೆ ಸುಂಟರಗಾಳಿ ಹೊಕ್ಕಂತಾಯಿತು. ಹಲ್ಲುಜ್ಜುತ್ತ ಬೀದಿ ತುದಿಯವರೆಗೆ ಹೋಗಿ ಬರುವರು. ಲಿಫ್ಟಿನ ಕೋಣೆಗೆ ಹತ್ತಿ ಇಳಿದು, ಮೇಲೇ ಬಿಟ್ಟುಬಂದ ಸ್ಪ್ಯಾನರಿಗೆ ಮತ್ತೆ ಹತ್ತುವರು. ಟ್ರಾಮು ಪ್ರಿಯರ ಸಂಘವೊಂದಿತ್ತು. ಗಡಿಯಾರದಂಗಡಿಯವರು ಅದರ ಅಧ್ಯಕ್ಷರು. ದಪ್ಪ ಕನ್ನಡಕ, ಮೆತ್ತಗಿನ ದನಿ, ಅಪ್ಪನಿಗೆ ಹಳೆಯ ಸ್ನೇಹಿತರು. ಇಬ್ಬರ ಅಂಗಿಯಲ್ಲೂ ಒಂದೇ ಬೆಸುಗೆಯ ಹೊಗೆಯ ವಾಸನೆ. ಸಭೆಯಲ್ಲಿ ಸಂಘದ ಪರವಾಗಿ ಅಪ್ಪನೇ ಮಾತಾಡಬೇಕು ಎಂದು ಅವರು ತೀರ್ಮಾನಿಸಿದರು. "ನಿಮ್ಮ ಹಾಗೆ ಹೇಳೋಕೆ ನಮ್ಮ ಪೈಕಿ ಯಾರಿಗೂ ಬರಲ್ಲ. ಆ ಪಕ್ಕಕ್ಕೆ ತಿರುಗದ ಗಾಡಿ ಮಾತು ಇದೆಯಲ್ಲ, ಅದೊಂದು ಸಾಕು. ಎದ್ದು ನಿಂತು ಚಪ್ಪಾಳೆ ಹೊಡೀತಾರೆ."

ಅಪ್ಪ ಮನೆಯ ಗೋಡೆಗಳ ಮುಂದೆ ಭಾಷಣ ಮಾಡತೊಡಗಿದರು. ಅಮ್ಮ ತರಕಾರಿ ಹೆಚ್ಚುತ್ತ ಕೇಳಿಸಿಕೊಳ್ಳುತ್ತಿದ್ದಳು. ಅಜ್ಜಿಗೆ ಮಾತ್ರ ಏನೋ ವಾಸನೆ ಬಡಿದಿತ್ತು. "ಲೋ, ಗಾಡಿ ಓಡಿಸೋಳನ್ನ ಒಂದು ಮಾತು ಕೇಳಿದ್ಯಾ?" ಎಂದಳು.

"ಅವಳಿಗೇನಮ್ಮಾ, ಅವಳ ಕೆಲಸ ಉಳಿಸೋಕೇ ತಾನೇ ಒದ್ದಾಡ್ತಿರೋದು?"

ಅಮ್ಮನ ಚಾಕು ಒಂದು ಗಳಿಗೆ ನಿಂತು ಮತ್ತೆ ಓಡಿತು.

ಸಭೆಗೆ ಹಿಂದಿನ ವಾರ, ರಜೆಯ ದಿನ ಮಧ್ಯಾಹ್ನ, ಅಪ್ಪ ನನ್ನನ್ನೂ ಎಬ್ಬಿಸಿಕೊಂಡು ಅಮ್ಮನ ಗಾಡಿ ಹತ್ತಿದರು. ಭಾಷಣಕ್ಕೆ ಹುರುಪು ಬೇಕಂತೆ. ಆಸ್ಪತ್ರೆ ನಿಲ್ದಾಣದಿಂದ ಗಾಡಿ ಹೊರಟಿತು. ಅಪ್ಪ ಎಂದಿನಂತೆ ಗಾಜಿಗಂಟಿ ನಿಂತರು, ನಾನು ಪಕ್ಕದಲ್ಲಿ. ಇಳಿಜಾರಿನಲ್ಲಿ ಅವರ ತುಟಿ ಅಲುಗುತ್ತಿದ್ದದ್ದು ಕಾಣುತ್ತಿತ್ತು, ಭಾಷಣ ನಡೆದಿತ್ತು. ಮಾರುಕಟ್ಟೆಯ ತಿರುವು ದಾಟಿದೆವು. ಅಲ್ಲಿ ಅಂಗಡಿಗಳ ಸಾಮಾನು ಹಳಿಯ ಅಂಚಿನವರೆಗೂ ಚಾಚಿರುತ್ತದೆ; ಜನ ಟ್ರಾಮಿಗೆ ದಾರಿ ಬಿಡುವುದು, ಅದು ಮೈ ತಾಗುವಷ್ಟು ಹತ್ತಿರ ಬಂದಾಗಲೇ. ಅಮ್ಮ ಕಾಲಿನ ಗಂಟೆ ಒದೆಯುತ್ತಲೇ ಇದ್ದಳು.

ನಮ್ಮ ಮುಂದೆ ಸೈಕಲ್ಲಿನಲ್ಲಿ ಒಬ್ಬ ಮೊಟ್ಟೆ ಮಾರುವವನಿದ್ದ. ಕ್ಯಾರಿಯರಿನ ಮೇಲೆ ತಲೆಗಿಂತ ಎತ್ತರಕ್ಕೆ ಮೊಟ್ಟೆಯ ತಟ್ಟೆಗಳು. ಗಂಟೆ ಕೇಳಿ ಬದಿಗೆ ಸರಿಯಲು ಹೋದ. ಮುಂದಿನ ಚಕ್ರ ಹಳಿಯ ಸೀಳಿನೊಳಗೆ ಇಳಿದು ಕಚ್ಚಿಕೊಂಡಿತು. ಸೈಕಲ್ಲು ಅಲ್ಲೇ ನಿಂತಿತು, ಆತ ಅದರ ಮೇಲಿಂದ ಹಳಿಯ ಮೇಲೇ ಬಿದ್ದ.

ಅಮ್ಮ ಏನೇನು ಮಾಡಿದಳೋ ನನಗೆ ಒಂದೊಂದಾಗಿ ಹೇಳಲು ಬರುವುದಿಲ್ಲ. ಹಿಡಿಕೆ ಹಿಂದಕ್ಕೆ ಹೋಯಿತು, ಚಕ್ರ ಜಾರದಂತೆ ಹಳಿಗೆ ಮರಳು ಸುರಿದ ಸರಕ್ ಸದ್ದು, ಕಬ್ಬಿಣ ಕಬ್ಬಿಣವನ್ನು ಉಜ್ಜಿದ ಕೂಗು, ಗಾಡಿಯಲ್ಲಿದ್ದವರೆಲ್ಲ ಮುಂದಕ್ಕೆ ಮುಗ್ಗರಿಸಿದರು. ಗಾಡಿ ಸೈಕಲ್ಲಿನ ಹಿಂದಿನ ಚಕ್ರವನ್ನು ತಗಡಿನಂತೆ ಮಡಿಸಿ ನಿಂತಿತು. ಮೊಟ್ಟೆಯವನು ಕಾಲು ಎಳೆದುಕೊಂಡಿದ್ದ. ಹಳದಿ ಲೋಳೆಯಲ್ಲಿ ಕೂತು ತನ್ನ ಪಾದವನ್ನೇ, ಅದು ಬೇರೆಯವರದೇನೋ ಎಂಬಂತೆ ಮುಟ್ಟಿ ನೋಡುತ್ತಿದ್ದ. ಏನೂ ಆಗಿರಲಿಲ್ಲ. ಅಂಗಡಿಯವರು ಗಾಜು ಬಡಿದು ಅಮ್ಮನಿಗೆ ಬೈದರು. "ಕಣ್ಣು ಕಾಣ್ಸಲ್ವಾ? ಪಕ್ಕಕ್ಕೆ ತಗೊಳ್ಳೋಕೆ ಏನಾಗಿತ್ತು?" ಎಂದು ಒಬ್ಬ ಕೂಗಿದ. ಯಾರೂ ನಗಲಿಲ್ಲ.

ನಾನು ಅಪ್ಪನ ಕಡೆ ನೋಡಿದೆ. ಅವರು ಗಾಜಿನೊಳಗೆ ಅಮ್ಮನ ಕೈಗಳನ್ನು ನೋಡುತ್ತಿದ್ದರು. ಅವು ಹಿಡಿಕೆಯಿಂದ ಬಿಟ್ಟು ಬರುತ್ತಿರಲಿಲ್ಲ. ಬಲಗೈ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಬಿಡಿಸಿಕೊಂಡಳು.

ಡಿಪೋ ಮುಟ್ಟಿದ ಮೇಲೆ ಅವಳು ಮೆಟ್ಟಿಲಿನ ಮೇಲೆ ಕೂತಳು. ಅಪ್ಪ ಚಹಾ ತಂದರು. ಲೋಟ ಹಿಡಿದುಕೊಂಡೇ ಹೇಳಿದಳು, ಅಪ್ಪನ ಮುಖ ನೋಡದೆ:

"ಪಕ್ಕಕ್ಕೆ ತಿರುಗಲ್ಲ, ಪಕ್ಕಕ್ಕೆ ತಿರುಗಲ್ಲ ಅಂತ ಕುಣೀತೀರಲ್ಲ. ಅದೇ ನನ್ನ ಭಯ ಕಣ್ರೀ. ಎದುರಿಗೆ ಮನುಷ್ಯ ಬಿದ್ದಿರ್ತಾನೆ. ಸ್ಟೀರಿಂಗ್ ಇಲ್ಲ. ಆಚೆ ಕಡೆ ಜಾಗ ಇರುತ್ತೆ, ಖಾಲಿ ಇರುತ್ತೆ, ಆದ್ರೂ ನಾನು ಅವನ ಮೇಲೇ ಹೋಗ್ಬೇಕು. ನೀವು ಹಿಂದೆ ನಿಂತು ನೋಡಿದ್ದೀರಿ, ಅಷ್ಟೇ."

"ಯಾವತ್ತೂ ಹೇಳಲಿಲ್ಲವಲ್ಲ ನೀನು."

"ಹೇಳೋಕೆ ನೀವು ಬಿಡ್ಬೇಕಲ್ಲ."

ಅಪ್ಪ ಅಲ್ಲೇ ಎರಡು ಹೆಜ್ಜೆ ಅತ್ತ, ಎರಡು ಹೆಜ್ಜೆ ಇತ್ತ ಹಾಕಿದರು. ಚಹಾ ಆರಿತು. ಅಮ್ಮ ಎದ್ದು ಮುಂದಿನ ಸರದಿಗೆ ಹೋದಳು. ಮತ್ತೆ ಅದೇ ಮಾರುಕಟ್ಟೆಯ ಮೂಲಕ.

ಆ ವಾರ ಅಪ್ಪನ ಭಾಷಣ ಕೇಳಿಸಲಿಲ್ಲ. ಓಡಾಟ ಮಾತ್ರ ಎರಡರಷ್ಟಾಯಿತು. ಅವರು ದಿನಾ ಮಾರುಕಟ್ಟೆಗೆ ಹೋಗಿ ಹಳಿಯ ಪಕ್ಕ ನಿಂತು ಬರುತ್ತಿದ್ದುದನ್ನು ನಮ್ಮ ಅಂಗಡಿಯ ಗಿರಾಕಿಯೊಬ್ಬರು ನನಗೆ ಹೇಳಿದರು. "ನಿಮ್ಮಪ್ಪ ಏನಾದ್ರೂ ಕಳ್ಕೊಂಡಿದ್ದಾರಾ? ನೆಲಾನೇ ನೋಡ್ತಾ ನಿಂತಿರ್ತಾರೆ."

ಸಭೆಯ ದಿನ ನಗರಸಭೆಯ ಸಭಾಂಗಣ ತುಂಬಿ, ಬಾಗಿಲಲ್ಲೂ ಜನ. ಮುಂದಿನ ಸಾಲಿನಲ್ಲಿ ಸಂಘದವರು, ಎದೆಯ ಮೇಲೆ ಪುಟ್ಟ ಟ್ರಾಮಿನ ಬಿಲ್ಲೆ. ಹಿಂದಿನ ಸಾಲಿನಲ್ಲಿ ಕೆಲಸದ ಬಟ್ಟೆಯಲ್ಲೇ ಬಂದ ಡ್ರೈವರುಗಳು. ಅವರ ನಡುವೆ ಅಮ್ಮ. ಅಪ್ಪನ ಸರದಿ ಬಂತು. ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಗಡಿಯಾರದಂಗಡಿಯವರು ಚಪ್ಪಾಳೆಗೆ ಕೈ ಸಿದ್ಧಮಾಡಿಕೊಂಡದ್ದನ್ನು ನಾನು ಕಂಡೆ.

"ನಾನು ಲಿಫ್ಟ್ ಕೆಲಸದವನು. ಟ್ರಾಮು ಅಂದ್ರೆ ನನಗೆ ಪ್ರಾಣ. ಅದು ಉಳೀಬೇಕು. ಗುಡ್ಡದ ಮೇಲೆ ಅದಕ್ಕೆ ಅದರದೇ ದಾರಿ ಇದೆ, ಅಲ್ಲಿ ಬಸ್ಸು ಅದರ ಕಾಲಿನ ಧೂಳಿಗೂ ಸಮ ಇಲ್ಲ." ಮುಂದಿನ ಸಾಲಿನಲ್ಲಿ ಚಪ್ಪಾಳೆ. ಅಪ್ಪ ಕೈಯೆತ್ತಿ ನಿಲ್ಲಿಸಿದರು. "ಆದರೆ ಮಾರುಕಟ್ಟೆಯಲ್ಲಿ ಬೇಡ. ಅಲ್ಲಿ ಹಳಿಗೂ ಜನಕ್ಕೂ ನಡುವೆ ಜಾಗ ಇಲ್ಲ. ಜಾಗ ಮಾಡೋಕೆ ನಿಮ್ಮ ಕೈಲಾದ್ರೆ ಮಾಡಿ. ಆಗಲ್ಲ ಅಂದ್ರೆ ಅಷ್ಟು ದೂರ ಕಿತ್ತುಹಾಕಿ. ನನ್ನ ಹೆಂಡತಿ ಆ ಗಾಡಿ ಓಡಿಸ್ತಾಳೆ. ದಿನಾ ಅಲ್ಲಿ ಅವಳು ಜೀವ ಕೈಯಲ್ಲಿ ಹಿಡ್ಕೊಂಡು ಹೋಗ್ತಾಳೆ. ಅದು ನನಗೆ ಗೊತ್ತಿರಲಿಲ್ಲ. ನನ್ನ ಖುಷಿಗೆ ಯಾರನ್ನೋ ಮುಂದೆ ನಿಲ್ಲಿಸೋದು ಸರಿಯಲ್ಲ."

ಕೂತುಬಿಟ್ಟರು. ಚಪ್ಪಾಳೆ ಎಲ್ಲಿಂದಲೂ ಬರಲಿಲ್ಲ. ಸಂಘದವರಿಗೆ ಮಾರುಕಟ್ಟೆಯ ದಾರಿಯೇ ಇಡೀ ಮಾರ್ಗದ ಮುಕುಟ. ಅವರ ಬಿಲ್ಲೆಯ ಮೇಲಿನ ಚಿತ್ರ ಕೂಡ ಅದೇ ತಿರುವಿನದು. ಗಡಿಯಾರದಂಗಡಿಯವರು ಕನ್ನಡಕ ತೆಗೆದು ಒರೆಸುತ್ತ, "ಒಂದು ಮಾತು ಮೊದಲೇ ಹೇಳಬಹುದಿತ್ತು" ಎಂದರು. ಅವರ ಮೆತ್ತಗಿನ ದನಿ ಇನ್ನೂ ಮೆತ್ತಗಾಗಿತ್ತು.

ಹೊರಗೆ ಬಂದರೆ ಅಮ್ಮ ಕೆಂಡ. "ನನ್ನ ಭಯಾನ ಊರೆಲ್ಲ ಡಂಗುರ ಹೊಡೆಯೋಕೆ ನಿಮಗೆ ಹೇಳಿದವರು ಯಾರು? ನಾಳೆ ಡಿಪೋದಲ್ಲಿ ನಾನು ಮುಖ ಎತ್ತಿ ಓಡಾಡೋದು ಬೇಡ್ವಾ?"

"ನಿನಗೋಸ್ಕರ ಹೇಳಿದೆ ಕಣೆ."

"ನನಗೋಸ್ಕರ ಆದ್ರೆ ನನ್ನ ಕೇಳಿ ಹೇಳ್ಬೇಕಿತ್ತು. ಮೊದಲು ಕೇಳದೆ ಟ್ರಾಮ್ ಪರ ಮಾತಾಡಿದ್ರಿ, ಈಗ ಕೇಳದೆ ನನ್ನ ಪರ ಮಾತಾಡಿದ್ರಿ. ವ್ಯತ್ಯಾಸ ಏನು ಬಂತು?"

ನಾವು ಮೂವರೂ ಮನೆಗೆ ನಡೆದೇ ಬಂದೆವು. ಅಪ್ಪ ಒಮ್ಮೆ ಮುಂದೆ ಹೋಗುವರು, ಮತ್ತೆ ಹಿಂದೆ ಬೀಳುವರು. ಅಮ್ಮನ ಪಕ್ಕದಲ್ಲಿ ಮಾತ್ರ ನಡೆಯಲಿಲ್ಲ.

ನಗರಸಭೆ ಅಪ್ಪ ಹೇಳಿದ ಹಾಗೆಯೇ ಮಾಡಿತು. ಅವರ ಮಾತು ಕೇಳಿಯೋ, ಅದೇ ಸಲೀಸಾಗಿ ಕಂಡೋ, ಯಾರಿಗೆ ಗೊತ್ತು. ಗುಡ್ಡದ ಮಾರ್ಗ ಉಳಿಯಿತು, ಮಾರುಕಟ್ಟೆಯ ಹಳಿ ಕಿತ್ತು ಡಾಂಬರು ಹಾಕಿದರು. ಡಿಪೋ ಗುಡ್ಡದ ಬುಡಕ್ಕೆ ಬಂತು. ಹಳಿ ಕೀಳುವಾಗ ಅಪ್ಪ ಪ್ರತಿದಿನ ಹೋಗಿ ನೋಡಿದರು. ಸಂಘದಲ್ಲಿ ಯಾರೂ ಅವರನ್ನು ಬರಬೇಡಿ ಅನ್ನಲಿಲ್ಲ. ಹೋದರೆ ಮಾತು ನಿಲ್ಲುತ್ತಿತ್ತು, ಅಷ್ಟೇ. ಅವರೇ ಹೋಗುವುದು ಬಿಟ್ಟರು. "ಅರ್ಧ ಉಳಿಸಿದೆನೋ ಅರ್ಧ ಮಾರಿದೆನೋ ಗೊತ್ತಾಗ್ತಿಲ್ಲ" ಎಂದು ಒಮ್ಮೆ ಬೆಳಗ್ಗೆ ಬೂಟು ಹಾಕಿಕೊಳ್ಳುತ್ತ ನನ್ನ ಹತ್ತಿರ ಅಂದರು. ಒಂದು ಬೂಟಿನಲ್ಲೇ ಎದ್ದು ಕಿಟಕಿಗೆ ಹೋಗಿ ಬಂದು ಇನ್ನೊಂದನ್ನು ಹಾಕಿಕೊಂಡರು.

ಅಮ್ಮ ಟ್ರಾಮು ಬಿಟ್ಟಳು. ಗುಡ್ಡದ ಮಾರ್ಗದಲ್ಲಿ ಜಾಗ ಕೊಟ್ಟರೂ ಒಲ್ಲೆನೆಂದು ಬಸ್ಸು ಕಲಿಯಲು ಸೇರಿದಳು. ಬಸ್ಸಿನಲ್ಲಿ ಅವಳು ಬೇರೆಯೇ ಹೆಂಗಸಾದಳು. ಗುಂಡಿ ಬಂದರೆ ಬಳಸಿ, ನಾಯಿ ಬಂದರೆ ಬಳಸಿ, ಕೆಲವೊಮ್ಮೆ ಏನೂ ಬರದಿದ್ದರೂ ಸುಮ್ಮನೆ ಸ್ಟೀರಿಂಗ್ ಆಡಿಸಿ, ಹಾಡು ಗುನುಗುತ್ತ ಮನೆಗೆ ಬರುವಳು. ಅಪ್ಪ ಒಂದು ದಿನ ಅವಳ ಬಸ್ಸು ಹತ್ತಿ ಬೆನ್ನ ಹಿಂದಿನ ಸೀಟು ಹಿಡಿದು ಕೂತರು. "ಇದೇನೇ, ಕುಡಿದವನ ಹಾಗೆ ವಾಲ್ತಾ ಇದೆ ಗಾಡಿ" ಎಂದು ಶುರುಮಾಡಿದ್ದಷ್ಟೇ, ಮುಂದಿನ ನಿಲ್ದಾಣದಲ್ಲಿ ಬಾಗಿಲು ತೆರೆದು, "ಇಳೀರಿ ಯಜಮಾನ್ರೇ" ಎಂದಳು. ಜನರೆಲ್ಲ ನಕ್ಕರು. ಅಪ್ಪ ಇಳಿದರು. ಸಂಜೆ ಇಬ್ಬರೂ ಅದನ್ನು ಅಜ್ಜಿಗೆ ಪೈಪೋಟಿಯ ಮೇಲೆ ಹೇಳಿದರು. ಮನೆಯಲ್ಲಿ ಮಾತು ಮತ್ತೆ ಹರಿಯತೊಡಗಿದ್ದು ಆವತ್ತಿನಿಂದ ಎಂದು ನನ್ನ ನೆನಪು.

ಗಡಿಯಾರದಂಗಡಿಯವರು ಒಂದು ವರ್ಷ ಕಳೆದ ಮೇಲೆ ಬಂದರು. ಬಾಗಿಲಲ್ಲೇ ನಿಂತು, ತಮ್ಮ ಹಿತ್ತಾಳೆಯ ಬೋಗಿಯ ಬೆಸುಗೆ ಪದೇಪದೇ ಬಿಡುತ್ತಿದೆ, ಏನು ಮಾಡಲಿ ಎಂದು ಕೇಳಿದರು. ಅಪ್ಪ "ತಗಡು ಸರಿಯಾಗಿ ತೊಳೆದಿರಲ್ಲ ನೀವು" ಎಂದು ರೇಗಿದರು. ಅವರು ಒಳಗೆ ಬಂದು ಕೂತರು. ಮಾರುಕಟ್ಟೆಯ ಹೆಸರನ್ನು ಇಬ್ಬರೂ ಎತ್ತಲಿಲ್ಲ, ಇವತ್ತಿನವರೆಗೂ ಎತ್ತುವುದಿಲ್ಲ.

ಅದಾದ ಮುಂದಿನ ಬೇಸಿಗೆಯಲ್ಲಿ ಅಮ್ಮನೇ ಕೇಳಿದಳು: "ಎಲ್ಲಾದ್ರೂ ದೂರ ಹೋಗೋಣ. ರೈಲಲ್ಲಿ. ನಾನು ಯಾವತ್ತಾದ್ರೂ ಸುಮ್ಮನೆ ಕೂತು ಪ್ರಯಾಣ ಮಾಡಿದ್ದೀನಾ?" ಅಜ್ಜಿಯನ್ನು ಸೋದರತ್ತೆಯ ಮನೆಯಲ್ಲಿ ಬಿಟ್ಟು, ನಾವು ಮೂವರು ಸಮುದ್ರದ ಊರಿಗೆ ಹೊರಟೆವು. ಅಪ್ಪ ಸೀಟು ಮುಟ್ಟಲೇ ಇಲ್ಲ. ಬಾಗಿಲಿಗೆ, ಬೋಗಿಗಳ ಕೊಂಡಿಯ ಹತ್ತಿರಕ್ಕೆ, ಮತ್ತೆ ನಮ್ಮ ಹತ್ತಿರಕ್ಕೆ. ಗಾಡಿ ಹೊರಟ ಮೇಲೆ ಅಮ್ಮ ಸ್ವಲ್ಪ ಹೊತ್ತು ಕಾಲಿನಡಿ ಗಂಟೆಗಾಗಿ ತಡಕುತ್ತಿದ್ದಳೋ ಏನೋ, ಪಾದ ಅಲುಗುತ್ತಿತ್ತು. ಆಮೇಲೆ ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು. ಎಂಥ ನಿದ್ದೆ! ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ.

ನಾನೂ ಯಾವಾಗಲೋ ಕಣ್ಣು ಮುಚ್ಚಿದ್ದೆ. ಎಚ್ಚರಾದಾಗ ಹಗಲು ಬಹಳ ಏರಿತ್ತು, ಸಮುದ್ರದ ವಾಸನೆ ಹಿಂದೆ ಉಳಿದಿತ್ತು. ಅಪ್ಪ ನಮ್ಮೆದುರು ನಿಂತು ಅಮ್ಮನನ್ನೇ ನೋಡುತ್ತಿದ್ದರು.

"ಅಪ್ಪಾ, ನಾವು ಇಳೀಬೇಕಾದ ಊರು?"

"ಹೋಯ್ತು. ಎಷ್ಟು ಚೆನ್ನಾಗಿ ಮಲಗಿದ್ದಾಳೆ ನೋಡು. ಎಬ್ಬಿಸೋಕೆ ಮನಸ್ಸಾಗಲಿಲ್ಲ."

ಮುಂದೆ ಸಿಕ್ಕಿದ್ದು ಹೆಸರು ಕೇಳಿರದ ನಿಲ್ದಾಣ. ಒಂದು ಬೆಂಚು, ಒಂದು ನಲ್ಲಿ, ದೂರದಲ್ಲಿ ಅತ್ತಿತ್ತ ಗೂಡ್ಸ್ ಬೋಗಿ ತಳ್ಳುತ್ತಿದ್ದ ಒಂದು ಹಳೆಯ ಎಂಜಿನ್ನು. ಅಮ್ಮ ಪ್ಲಾಟ್‌ಫಾರ್ಮಿಗೆ ಇಳಿದು, ಕಣ್ಣುಜ್ಜಿ, ಸುತ್ತ ನೋಡಿದಳು. ಬೈಗುಳ ಬರುತ್ತದೆ ಎಂದುಕೊಂಡೆ. ಅವಳು ಬೆಂಚಿನ ಮೇಲೆ ಕಾಲು ಚಾಚಿ ಕೂತು ಆಕಳಿಸಿದಳು.

"ವಾಪಸ್ ಗಾಡಿ ಯಾವಾಗಂತೆ?"

"ಇನ್ನೇನು ಬರುತ್ತಂತೆ" ಎಂದೆ. ಅಪ್ಪ ಆಗಲೇ ಪ್ಲಾಟ್‌ಫಾರ್ಮಿನ ತುದಿ ದಾಟಿ, ಜಲ್ಲಿಯ ಮೇಲೆ ತಡವರಿಸುತ್ತ ಆ ಎಂಜಿನ್ನಿನ ಕಡೆ ನಡೆಯುತ್ತಿದ್ದರು. ಅದರ ಡ್ರೈವರನಿಗೆ ಕೈ ಬೀಸಿ ಏನೋ ಕೇಳುತ್ತಿದ್ದರು.

"ಹೋಗು, ನಿಮ್ಮಪ್ಪನ್ನ ಹಿಡ್ಕೊಂಡು ಬಾ" ಎಂದಳು ಅಮ್ಮ. "ಆ ಮನುಷ್ಯ ಬೇಡ ಅಂದ್ರೂ ಇವರು ಹತ್ತಿಬಿಡ್ತಾರೆ."

ನಾನು ಚೀಲಗಳನ್ನು ಅವಳ ಕಾಲ ಬಳಿ ಇಟ್ಟು ಓಡಿದೆ.